ಕಸಾಲನಿಗೆ ಅರವತ್ತಮೂರು ಓಟು

ಗುಂಡ್ಲುಪೇಟೆಯ ತೋಟದ ಬೆಳೆಗಾರರ ಸಂಘದ ಗುಮಾಸ್ತ ದೊರೆಸ್ವಾಮಿಗೆ ಜನ ಇಟ್ಟ ಹೆಸರು 'ಹಿಂದುಗಡೆ ಸಾರ್'. ಹನಿ ನೀರಾವರಿಯ ಪೈಪಿಗೆ ಅರ್ಜಿ ತಂದವರು ಯಾರೇ ಆಗಲಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಹಿಂದುಗಡೆ ಷರತ್ತು ಓದಿದ್ದೀರಾ?" ಎಂದು ಕೇಳದೆ ಆತ ಮೊಹರು ಒತ್ತಿದವನಲ್ಲ. ಓದಿಲ್ಲ ಎಂದರೆ ಬೆಂಚಿನ ಮೇಲೆ ಕೂರಿಸಿ ಓದಿಸುತ್ತಿದ್ದ. ಓದು ಬಾರದವರಿಗೆ ತಾನೇ ಓದಿ ಹೇಳುತ್ತಿದ್ದ. ಹದಿನೆಂಟು ವರ್ಷದ ನೌಕರಿಯಲ್ಲಿ ಅವನು ಯಾರ ಜೊತೆಗಾದರೂ ಐದು ನಿಮಿಷಕ್ಕಿಂತ ಹೆಚ್ಚು ಮಾತಾಡಿದ್ದರೆ ಅದು ಆ ಷರತ್ತುಗಳನ್ನೇ.

ಅಂಥವನು ಆ ಶುಕ್ರವಾರ ಬೆಳಿಗ್ಗೆ ಚಾಮರಾಜನಗರದಲ್ಲಿ ಗುಂಡ್ಲುಪೇಟೆಯ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು ಮೊಬೈಲು ತೆರೆದ. ತೆರೆದವನ ಮುಖ ಹುಳಿ ಮಜ್ಜಿಗೆ ಕುಡಿದ ಹಾಗಾಯಿತು.

ಟೆನಿಸ್ ಅಭಿಮಾನಿಗಳ ವೆಬ್‌ಸೈಟೊಂದು 'ಈ ಸಾಲಿನಲ್ಲಿ ಯಾರೂ ಗಮನಿಸದ ಆಟಗಾರ' ಎಂಬ ಪ್ರಶಸ್ತಿ ಇಟ್ಟಿತ್ತು. ಹೆಸರು ಸೂಚಿಸಬೇಕಾದವರು ಅಭಿಮಾನಿಗಳೇ. ದೊರೆಸ್ವಾಮಿ ಹದಿನೈದು ದಿನದ ಹಿಂದೆಯೇ ಮಿರೋ ಕಸಾಲ್ ಎಂಬ ಆಟಗಾರನ ಹೆಸರು ಸೂಚಿಸಿ, ಕೆಳಗೆ 'ಷರತ್ತು ಓದಿದ್ದೇನೆ' ಎಂಬ ಚೌಕದಲ್ಲಿ ಟಿಕ್ಕು ಹಾಕಿ ಕಾಯುತ್ತಿದ್ದ. ಇವತ್ತು ಸಂಜೆ ಐದಕ್ಕೆ ಮುಗಿಯುತ್ತದೆ. ಪಟ್ಟಿಯಲ್ಲಿ ಒಬ್ಬನಿಗೆ ನಲವತ್ತು ಜನರ ಬೆಂಬಲ, ಇನ್ನೊಬ್ಬನಿಗೆ ಹನ್ನೆರಡು, ಮತ್ತೊಬ್ಬ ಬಡಪಾಯಿಗೆ ಎರಡು. ಎಲ್ಲರಿಗಿಂತ ಕೆಳಗೆ ಕಸಾಲ್. ಬೆಂಬಲ: ಒಂದು. ಆ ಒಂದು ದೊರೆಸ್ವಾಮಿಯದೇ.

ಕಸಾಲ್ ಸ್ಲೊವೇನಿಯಾದವನು. ಪ್ರಪಂಚದಲ್ಲಿ ಇನ್ನೂರ ಹದಿನಾಲ್ಕನೆಯವನು. ಎರಡು ವರ್ಷದ ಹಿಂದೆ ಒಂದು ಭಾನುವಾರ, ಹೊತ್ತು ಹೋಗದೆ ದೊರೆಸ್ವಾಮಿ ಮೊಬೈಲಿನಲ್ಲಿ ಅವನ ಪಂದ್ಯ ನೋಡಿದ್ದ. ಅಲ್ಲಿ ಗ್ಯಾಲರಿ ಖಾಲಿ. ಪರದೆಯ ಮೂಲೆಯಲ್ಲಿ 'ನೋಡುತ್ತಿರುವವರು: 1' ಎಂದು ಬರೆದಿತ್ತು. ನಾನು ಎದ್ದು ಹೋದರೆ ಈ ಮನುಷ್ಯ ಆಡುವುದನ್ನು ನೋಡಲು ಭೂಮಿಯ ಮೇಲೆ ಒಬ್ಬನೂ ಇರುವುದಿಲ್ಲವಲ್ಲ ಎಂದು ದೊರೆಸ್ವಾಮಿ ಊಟಕ್ಕೂ ಏಳಲಿಲ್ಲ. ಕಸಾಲ್ ಸೋತ. ಸೋತವನು ಬ್ಯಾಟು ಬಿಸಾಡಲಿಲ್ಲ. ಬೆವರಿನ ಟವೆಲನ್ನು ನಾಲ್ಕು ಮಡಿಕೆ ಮಾಡಿ, ಅಂಗಡಿಯಿಂದ ತಂದಂತೆ ಚೀಲದಲ್ಲಿಟ್ಟು, ಖಾಲಿ ಕುರ್ಚಿಗಳಿಗೆ ಕೈಬೀಸಿ ಹೊರಟುಹೋದ. ದೊರೆಸ್ವಾಮಿ ತನ್ನ ಬಾಡಿಗೆ ಕೋಣೆಯಲ್ಲಿ ಕೂತು ಮೊಬೈಲಿಗೆ ಕೈಬೀಸಿದ. ಅವನೂ ರಾತ್ರಿ ತನ್ನ ಟವೆಲನ್ನು ನಾಲ್ಕು ಮಡಿಕೆ ಮಾಡಿಯೇ ಮಲಗುವವನು. ಅದನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

ಪ್ರಶಸ್ತಿಯ ಜೊತೆಗೆ ಇನ್ನೊಂದು ವಿಶೇಷವಿತ್ತು. ಗೆದ್ದ ಆಟಗಾರನನ್ನು ಮೊದಲು ಸೂಚಿಸಿದ ಅಭಿಮಾನಿಗೆ ಅದೇ ಸಂಜೆ ಆರಕ್ಕೆ ಆ ಆಟಗಾರನೊಂದಿಗೆ ಹತ್ತು ನಿಮಿಷ ವಿಡಿಯೊದಲ್ಲಿ ಮಾತು. ನಲವತ್ತೆಂಟು ವರ್ಷದ ಬ್ರಹ್ಮಚಾರಿ ದೊರೆಸ್ವಾಮಿ ಹಳೆಯ ಡೈರಿಯಲ್ಲಿ ಆ ಹತ್ತು ನಿಮಿಷಕ್ಕೆ ಇಂಗ್ಲಿಷ್ ವಾಕ್ಯಗಳನ್ನು ಬರೆದು, ಹೊಡೆದು, ಮತ್ತೆ ಬರೆದು ಬಾಯಿಪಾಠ ಮಾಡಿದ್ದ. ಅವನಿಗೆ ಪ್ರಶಸ್ತಿಯೇನೂ ಬೇಕಿರಲಿಲ್ಲ. ಟೆನಿಸ್ ಮಾತಾಡಲು ಒಬ್ಬ ಮನುಷ್ಯ ಬೇಕಿತ್ತು.

ಕಚೇರಿಗೆ ಬಂದು ಪೆಚ್ಚುಮೋರೆ ಹಾಕಿ ಕೂತಿದ್ದವನನ್ನು ಮೊದಲು ಕಂಡದ್ದು ಹರವೆ ಹಳ್ಳಿಯ ಮುದುಕ ಚಿಕ್ಕಬಸವಯ್ಯ. ಮೂರು ಸಲ ಪಂಚಾಯ್ತಿ ಚುನಾವಣೆಗೆ ನಿಂತು ಎರಡು ಸಲ ಗೆದ್ದ ಆಸಾಮಿ. ಪೈಪಿನ ಅರ್ಜಿ ಹಿಡಿದು ಬಂದಿದ್ದ.

"ಯಾಕ ಸಾ, ಮಕ ಇಷ್ಟ್ ಸಣ್ಣಗಾಗದ? ಹಿಂದ್ಗಡ ಓದಿವ್ನಿ ಕಣ, ಮೊವ್ರು ಒತ್ಬುಡಿ."

ದೊರೆಸ್ವಾಮಿ ಮೊಹರು ಒತ್ತಿದ. ಕೇಳುವವರು ಸಿಕ್ಕಿದ್ದೇ ಅಪರೂಪವಾದ್ದರಿಂದ ವಿಷಯವನ್ನೂ ಹೇಳಿಬಿಟ್ಟ.

"ಎಲೆಕ್ಸನ್ನಾ!" ಚಿಕ್ಕಬಸವಯ್ಯ ಕುರ್ಚಿ ಎಳೆದುಕೊಂಡ. "ಮೊದ್ಲೇ ಯೋಳ್ಬಾರ್ದಾ? ಯಾವೂರ್ನಂವ?"

"ಸ್ಲೊವೇನಿಯಾ."

"ಅದ್ಯಾವ ಹೋಬ್ಳಿ?"

"ಫಾರಿನ್ನು, ಬಸವಯ್ಯನೋರೆ."

"ಆಗ್ಲಿ ಬುಡಿ. ಜಮೀನ್ಗಿಮೀನು ಅದಾ? ಮನುಷ್ಯ ಎಂಗೆ?"

"ಬಹಳ ಒಳ್ಳೆಯವನು. ಸೋತಾಗಲೂ ಟವೆಲ್ ಮಡಿಸಿ ಇಡ್ತಾನೆ. ಅದನ್ನ ಹೇಳಿ ಓಟು ಕೇಳಬೇಕು ಅಂತ ನನಗೆ..."

"ತಪ್ಪು!" ಎಂದು ಮುದುಕ ಮೇಜು ಗುದ್ದಿದ. "ಓಟ್ ಕೇಳವಾಗ ಕಾರಣ ಯೋಳ್ಬಾರ್ದು ಸಾ. ಕಾರಣ ಯೋಳುದ್ರ ಜನ ಯೋಚ್ನ ಮಾಡ್ತಾರ. ಸಂಬಂದ ಯೋಳ್ಬೇಕು. ಸಂಬಂದ ಯೋಳುದ್ರ ಕಣ್ಮುಚ್ಕಂಡು ಒತ್ತಾರ. ನೀವು ಸುಮ್ಕ ಕೂತ್ಕಳಿ, ಇದ ನನ್ಗ ಬುಡಿ."

ಪಕ್ಕದ ಮೇಜಿನ ಕಂಪ್ಯೂಟರ್ ಆಪರೇಟರ್ ತಹಸೀನ್ ತಲೆಯೆತ್ತಿದಳು. "ಸರ್, ಲಿಂಕ್ ಕಳಿಸಿ, ನಾನೂ ಹಾಕ್ತೀನಿ. ಆದ್ರೆ ಅದ್ರಲ್ಲಿ ರೂಲ್ಸ್ ಏನಿದೆ ಅಂತ ನೋಡಿದೀರಾ?"

"ನನ್ನನ್ನ ಕೇಳ್ತೀಯಲ್ಲಮ್ಮ!" ಎಂದು ದೊರೆಸ್ವಾಮಿ ನಕ್ಕ. ಇಡೀ ತಾಲ್ಲೂಕಿಗೆ ಷರತ್ತು ಓದಿಸುವವನನ್ನೇ ಹೀಗೆ ಕೇಳಿದ್ದಕ್ಕೆ ತಹಸೀನಳಿಗೇ ನಾಚಿಕೆಯಾಯಿತು.

ಚಿಕ್ಕಬಸವಯ್ಯ ವರಾಂಡಕ್ಕೆ ಹೋಗಿ, ಮೊಬೈಲನ್ನು ಬಾಯಿಯ ಮುಂದೆ ಹೋಳಿಗೆಯಂತೆ ಹಿಡಿದು, ಹರವೆಯ ಯುವಕರ ಬಳಗ, ಭಜನೆ ಮಂಡಳಿ, ಯಾವುದೋ ಮದುವೆಗೆಂದು ಹುಟ್ಟಿ ಸಾಯದೆ ಉಳಿದಿದ್ದ ಇನ್ನೊಂದು ಗುಂಪು, ಎಲ್ಲಕ್ಕೂ ಲಿಂಕಿನ ಜೊತೆಗೆ ತನ್ನ ದನಿಯ ಸಂದೇಶ ಕಳಿಸಿದ: "ಎಲ್ರೂ ಕೇಳ್ರಪ್ಪ. ನಮ್ ಪೈಪಿನ ದೊರೆಸ್ವಾಮಿ ಸಾರ್ ಸ್ವಾದರಳಿಯ ಫಾರಿನ್ನಲ್ಲಿ ಎಲೆಕ್ಸನ್ಗ ನಿಂತವ್ನ. ಕಸಾಲಪ್ಪ ಅಂತ ಹೆಸ್ರು. ಸಾಯಂಕಾಲ ಐದ್ಗಂಟ ಒಳ್ಗ ಒತ್ಬುಡಿ. ಮನ ಮರ್ವಾದಿ ಪ್ರಸ್ನ."

"ಸೋದರಳಿಯನಾ?" ದೊರೆಸ್ವಾಮಿ ಬೆವೆತ. "ನನಗೆ ಅಕ್ಕತಂಗೀರೇ ಇಲ್ಲವಲ್ರೀ!"

"ಓಟಾಕವ್ರು ನಿಮ್ ವಂಸಾವಳಿ ಕೇಳ್ತಾರಾ? ಬುಡಿ."

ಹನ್ನೊಂದಕ್ಕೆ ಕಸಾಲನಿಗೆ ಒಂಬತ್ತು. ಹನ್ನೆರಡಕ್ಕೆ ಇಪ್ಪತ್ತೊಂದು. ದೊರೆಸ್ವಾಮಿ ಗಳಿಗೆಗೊಮ್ಮೆ ಮೊಬೈಲು ನೋಡುತ್ತ, ಇಬ್ಬರು ರೈತರಿಗೆ 'ಹಿಂದುಗಡೆ' ಪ್ರಶ್ನೆ ಕೇಳುವುದನ್ನೇ ಮರೆತ. ಅವರು ಏನೋ ಅಪಶಕುನವೆಂದು ಹೆದರಿ ತಾವೇ ಅರ್ಜಿ ತಿರುಗಿಸಿ ಓದಿಕೊಂಡು ಹೋದರು.

ಮಧ್ಯಾಹ್ನದ ಹೊತ್ತಿಗೆ ಫೋನುಗಳು ಶುರುವಾದವು. ಉಮ್ಮತ್ತೂರಿನಿಂದ ಒಬ್ಬರು ಅಳಿಯನಿಗೆ ಯಾವ ಚಿಹ್ನೆ ಎಂದು ಕೇಳಿದರು. ಬ್ಯಾಟು ಎಂದ ದೊರೆಸ್ವಾಮಿ. ಸಂತೆಮರಹಳ್ಳಿಯಿಂದ ಗೋವಿಂದಯ್ಯ ಎಂಬುವರು ಓಟು ಹಾಕಿದ ಮೇಲೆ ಗಂಟಲು ಸರಿಮಾಡಿಕೊಂಡು, "ನಿಮ್ ಸ್ವಾದರಳಿಯನ್ಗ ಮದ್ವ ಆಗದಾ?" ಎಂದರು.

"ಇಲ್ಲ, ಆದರೆ ಅವನು..."

"ನಮ್ ತಂಗಿ ಮಗ್ಳು ಬಿ.ಎಡ್ ಮಾಡವ್ಳ. ಬಣ್ಣ ಒಸಿ ಕಮ್ಮಿ. ಹುಡ್ಗನ್ಗ ಕೇಳ್ನೋಡಿ."

ಹದಿನೈದು ವರ್ಷದಿಂದ ದೊರೆಸ್ವಾಮಿಯ ಫೋನಿಗೆ ಒಂದು ಸಂಬಂಧದ ಮಾತು ಬಂದಿರಲಿಲ್ಲ. ಬಂದದ್ದು ಈಗ, ಅದೂ ಸ್ಲೊವೇನಿಯಾದವನಿಗೆ. ಕೇಳ್ತೀನಿ ಎಂದು ಫೋನಿಟ್ಟ ಮೇಲೆ ಅವನಿಗೆ ಯಾಕೋ ಡಬ್ಬಿಯ ಚಿತ್ರಾನ್ನ ಸೇರಲಿಲ್ಲ.

ಆದರೂ ಆ ದಿನ ಅವನಿಗೆ ಚೆನ್ನಾಗಿಯೇ ಇತ್ತು ಎನ್ನಬೇಕು. ಕಚೇರಿಯಲ್ಲಿ ಅಡ್ಡಾಡುವವರೆಲ್ಲ "ಅಳಿಯಂದಿರು ಎಷ್ಟಕ್ಕೆ ಬಂದ್ರು ಸಾರ್?" ಎಂದು ಕೇಳುತ್ತಿದ್ದರು. ಇಷ್ಟು ವರ್ಷಕ್ಕೆ ಜನ ಅವನ ಮೇಜಿಗೆ ಅರ್ಜಿಯಿಲ್ಲದೆ ಬಂದು ನಿಂತರು. ನಾಲ್ಕೂಮುಕ್ಕಾಲಿಗೆ ಕಸಾಲನಿಗೆ ಅರವತ್ತಮೂರು. ಪಟ್ಟಿಯ ನೆತ್ತಿಯ ಮೇಲೆ ಅವನ ಹೆಸರು. ತಹಸೀನ್ ಚಪ್ಪಾಳೆ ತಟ್ಟಿದಳು. ಚಿಕ್ಕಬಸವಯ್ಯ ಮೀಸೆ ತೀಡಿ, ಹರವೆ ಬಸ್ಸಿಗೆ ಹೊತ್ತಾಯಿತೆಂದು ಹೊರಟ.

ಆಗ ಬಾಗಿಲಲ್ಲಿ ಕಚೇರಿ ಮುಂದಿನ ಟೀ ಅಂಗಡಿಯ ನಂಜುಂಡಪ್ಪ ಕೈಯೊರೆಸಿಕೊಳ್ಳುತ್ತ ನಿಂತಿದ್ದ. ಮುಖ ಊದಿಕೊಂಡಿತ್ತು.

"ಊರ್ಗೆಲ್ಲ ಕೇಳುದ್ರಿ. ಹನ್ನೆಲ್ಡ್ ವರ್ಸದಿಂದ ಟೀ ಕೊಟ್ಟಂವ ನಾನು. ನನ್ನ ಒಂದ್ ಮಾತು ಕೇಳ್ನಿಲ್ವಲ್ಲ ಸಾ?"

ದೊರೆಸ್ವಾಮಿ ಕುರ್ಚಿ ಬಿಟ್ಟು ಎದ್ದ. ಯಾರೂ ಕೇಳದಿದ್ದರೆ ಹೇಗಿರುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಂಜುಂಡಪ್ಪನ ಮೊಬೈಲಿನಲ್ಲಿ ತಾನೇ ಪುಟ ತೆರೆದು, ಪ್ರಪಂಚದ ಆಟಗಾರರನ್ನೆಲ್ಲ ಸ್ಥಾನದ ಪ್ರಕಾರ ಬರೆದಿದ್ದ ಉದ್ದನೆಯ ಪಟ್ಟಿ ತೋರಿಸಿ, "ಇನ್ನೂರ ಹದಿನಾಲ್ಕು, ಇಲ್ಲಿ ಒತ್ತಪ್ಪ" ಎಂದ. ನಂಜುಂಡಪ್ಪ ಒದ್ದೆ ಹೆಬ್ಬೆಟ್ಟನ್ನು ಸಂಘದ ದಫ್ತರಿಗೆ ಒತ್ತಿದಂತೆ ಬಲವಾಗಿ ಒತ್ತಿದ. ಆ ಹೆಬ್ಬೆಟ್ಟಿಗೆ ಮೂರು ಹೆಸರು ಅಡಗುವಷ್ಟು ಅಗಲವಿತ್ತು. "ಆಯ್ತು ಬುಡಿ" ಎಂದು ಅವನು ಹೆಮ್ಮೆಯಿಂದ ಅಂಗಡಿಗೆ ಹೋದ. ಕಸಾಲನ ಲೆಕ್ಕ ಅರವತ್ತಮೂರರಲ್ಲೇ ಇತ್ತು. ನೆಟ್‌ವರ್ಕು ನಿಧಾನ ಎಂದುಕೊಂಡ ದೊರೆಸ್ವಾಮಿ.

ಐದೂವರೆಗೆ ಫಲಿತಾಂಶ ಬಂತು. ಗೆದ್ದವನು ಯಾನ್ ಹೋಲ್ಟ್. ಇನ್ನೂರ ಹದಿನೈದನೆಯವನು. ಬೆಂಬಲ: ಒಂದು.

ದೊರೆಸ್ವಾಮಿ ಕಣ್ಣುಜ್ಜಿಕೊಂಡ. ಈ ಹೋಲ್ಟ್ ಆ ವರ್ಷ ಕಸಾಲನನ್ನು ಎರಡು ಸಲ ಮೊದಲ ಸುತ್ತಿನಲ್ಲೇ ಸೋಲಿಸಿದ ಪ್ರಾಣಿ. ತಹಸೀನ್ ಪುಟವನ್ನು ಕೆಳಗೆ, ಇನ್ನೂ ಕೆಳಗೆ ಎಳೆದು, ಸಣ್ಣಕ್ಷರದ ಷರತ್ತುಗಳನ್ನು ತಡೆದು ತಡೆದು ಓದಿದಳು. "ಏಳನೇದು ಸರ್. ಇದು ಯಾರೂ ಗಮನಿಸದವರ ಪ್ರಶಸ್ತಿ. ಆದ್ರಿಂದ ಹೆಸರು ಸೂಚಿಸಿರೋ ಆಟಗಾರರಲ್ಲಿ ಎಲ್ಲರಿಗಿಂತ ಕಡಿಮೆ ಬೆಂಬಲ ಇರೋರೇ ವಿಜೇತರು." ಪುಟವನ್ನು ಮತ್ತೆ ಮೇಲಕ್ಕೆಳೆದು ಮೆಲ್ಲಗೆ ಕೇಳಿದಳು, "ಬೆಳಿಗ್ಗೆ ಕಸಾಲ್‌ಗೆ ಎಷ್ಟಿತ್ತು ಸರ್?"

ಬೆಳಿಗ್ಗೆ ಒಂದಿತ್ತು. ಸುಮ್ಮನೆ ಬಸ್ಸಿಳಿದು, ಸುಮ್ಮನೆ ಮೊಹರು ಒತ್ತಿ, ಯಾವಾಗಿನಂತೆ ಯಾರ ಜೊತೆಗೂ ಮಾತಾಡದೆ ಇದ್ದಿದ್ದರೆ ದೊರೆಸ್ವಾಮಿ ಗೆದ್ದಿರುತ್ತಿದ್ದ. ಅವನು ಹಾಗಿರದ ಒಂದೇ ಒಂದು ದಿನ ಅದು.

ಆರಕ್ಕೆ ಸರಿಯಾಗಿ ನಂಜುಂಡಪ್ಪ ಬೊಬ್ಬೆ ಹಾಕುತ್ತ ಓಡಿಬಂದ. "ಸಾ! ಫೋನಲ್ಲಿ ಯಾವನೋ ಕೆಂಚ ಬಂದವ್ನ! ನಂಗ ಇಂಗ್ಲೀಸ್ ಬತ್ತದಾ? ನೀವೇ ಮಾತಾಡಿ!"

ಪರದೆಯ ಮೇಲೆ ಕೆಂಪು ಗಡ್ಡದ ಹೋಲ್ಟ್ ನಗುತ್ತಿದ್ದ. ಹತ್ತು ನಿಮಿಷದಲ್ಲಿ ಮೊದಲ ನಾಲ್ಕು, ನಂಜುಂಡಪ್ಪ ತನ್ನ ಅಂಗಡಿ, ಬಾಯ್ಲರು, ಬನ್ನಿನ ಡಬ್ಬ ತೋರಿಸಿದ್ದರಲ್ಲಿ ಹೋಯಿತು. ಮುಂದಿನ ಮೂರರಲ್ಲಿ "ಊಟ ಆಯ್ತಾ ಕೇಳಿ, ಮಳ ಹುಯ್ತಾ ಕೇಳಿ, ಎಷ್ಟ್ ಜನ ಅಣ್ತಮ್ದೀರು ಕೇಳಿ" ಎಂದ; ದೊರೆಸ್ವಾಮಿ ಎಲ್ಲವನ್ನೂ ಕೇಳಿದ.

ಕೊನೆಗೆ ಹೋಲ್ಟನೇ ಕೇಳಿದ: ಇಡೀ ಪ್ರಪಂಚದಲ್ಲಿ ನನ್ನನ್ನು ಗಮನಿಸಿದ್ದು ನಿಮ್ಮ ಗೆಳೆಯ ಒಬ್ಬನೇ. ಯಾಕೆ?

"ಏನಂತ?" ಎಂದ ನಂಜುಂಡಪ್ಪ. ವಿಷಯ ತಿಳಿದು, "ಕೈ ಜಾರ್ತು ಅಂತ ಯೋಳ್ಬುಡಿ ಸಾ" ಎಂದ.

ದೊರೆಸ್ವಾಮಿ ಹಾಗೆ ಹೇಳಲಾರದೆ ಹೋದ. ಹೋಲ್ಟನ ಕಣ್ಣಲ್ಲಿ ನೀರಾಡುತ್ತಿತ್ತು. ಡೈರಿಯಲ್ಲಿ ಬರೆದು, ಹೊಡೆದು, ಮತ್ತೆ ಬರೆದಿದ್ದ ವಾಕ್ಯಗಳೆಲ್ಲ ತಾವಾಗಿ ಬಾಯಿಗೆ ಬಂದವು. ಗ್ಯಾಲರಿಯಲ್ಲಿ ಯಾರೂ ಇಲ್ಲದಿದ್ದಾಗಲೂ ನೀವು ಯಾರೋ ನೋಡುತ್ತಿರುವಂತೆ ಆಡುತ್ತೀರಿ, ಸೋತಾಗ ಟವೆಲನ್ನು ನಾಲ್ಕು ಮಡಿಕೆ ಮಾಡುತ್ತೀರಿ, ಅದನ್ನು ಇಲ್ಲೊಬ್ಬ ನೋಡಿದ್ದಾನೆ, ನಿಮ್ಮಿಂದ ಅವನಿಗೆ ಭಾನುವಾರಗಳು ಕಳೆದಿವೆ ಎಂದ.

ಹೋಲ್ಟ್ ಹುಬ್ಬು ಗಂಟಿಕ್ಕಿದ. ಆಮೇಲೆ ಜೋರಾಗಿ ನಕ್ಕ. ಟವೆಲ್ಲೇ? ನಾನು ಟವೆಲನ್ನು ಎಲ್ಲೆಂದರಲ್ಲಿ ಎಸೆಯುವವನು ಮಾರಾಯ, ಮಡಿಸುವವನು ಮಿರೋ ಕಸಾಲ್! ನಾವಿಬ್ಬರೂ ಒಂದೇ ಕೋಣೆಯಲ್ಲಿರುವುದು. ಪಾಪ, ಇವತ್ತು ಬಹಳ ಸಪ್ಪಗಿದ್ದಾನೆ. ಬೆಳಿಗ್ಗೆವರೆಗೂ ಅವನಿಗೆ ಒಬ್ಬನೇ ಅಭಿಮಾನಿ ಇದ್ದನಂತೆ. ಆ ಅಭಿಮಾನಿಯ ಜೊತೆ ಮಾತಾಡಬೇಕೆಂದು ಹದಿನೈದು ದಿನದಿಂದ ಏನೇನೋ ಬರೆದಿಟ್ಟುಕೊಂಡಿದ್ದ. ಇರಿ, ಇಲ್ಲೇ ಇದ್ದಾನೆ, ಕೊಡುತ್ತೇನೆ.

ಫೋನು ತಿರುಗಿತು. ಗೋಡೆ ಕಂಡಿತು, ಕಿಟಕಿ ಕಂಡಿತು, ಮಂಚದ ಅಂಚಿನಲ್ಲಿ ನಾಲ್ಕು ಮಡಿಕೆಯ ಬಿಳಿ ಟವೆಲೂ ಅದರ ಮೇಲೊಂದು ಕೈಯೂ ಕಂಡವು. ದೊರೆಸ್ವಾಮಿ "ಹಲೋ" ಎಂದ. ಹತ್ತು ನಿಮಿಷ ಮುಗಿದು ಪರದೆ ಕಪ್ಪಾಯಿತು.

"ಒಳ್ಳೇ ಜನ ಕಣ ಸಾ" ಎಂದು ನಂಜುಂಡಪ್ಪ ಮೊಬೈಲನ್ನು ಪಂಚೆಗೆ ಒರೆಸಿ ಜೇಬಿಗಿಟ್ಟುಕೊಂಡ.

ಆರೂವರೆಯ ಬಸ್ಸಿನಲ್ಲಿ ದೊರೆಸ್ವಾಮಿಗೆ ಕಿಟಕಿಯ ಸೀಟೇ ಸಿಕ್ಕಿತು. ತೆರಕಣಾಂಬಿ ದಾಟುವಾಗ ಫೋನು ಬಡಿದುಕೊಂಡಿತು. ಚಿಕ್ಕಬಸವಯ್ಯ.

"ಸಾ, ಸ್ವಾದರಳಿಯ ಗೆದ್ನಾ?"

ಹೊರಗೆ ಕತ್ತಲಾಗುತ್ತಿತ್ತು. ಪಕ್ಕದ ಸೀಟು ಖಾಲಿಯಿತ್ತು.

"ಗೆದ್ದ, ಬಸವಯ್ಯನೋರೆ."

"ನಾನ್ ಯೋಳ್ನಿಲ್ವಾ!" ಆ ಕಡೆ ಮುದುಕ ಯಾರಿಗೋ ಕೂಗಿ ಹೇಳಿದ, ಇಡೀ ಹರವೆ ಹೋ ಎಂದಿತು. "ಯೋಚ್ನ ಮಾಡ್ಬೇಡಿ ಸಾ. ಮುಂದ್ಲೊರ್ಸ ಕೊಳ್ಳೇಗಾಲ್ದವ್ರ್ನೂ ಸೇರುಸ್ಕಂಡು ಸಾವ್ರ ಓಟ್ ಆಕುಸ್ತೀನಿ!"