ಸ್ಕಾಟ್ಲೆಂಡಿನ ಆಳು, ಲಿವೋನಿಯಾದ ಬಾಡಿಗೆದಾರ

ಒಬ್ಬಂಟಿಯಾಗಿರುವವನನ್ನು ಯಾವ ಕೆಲಸಕ್ಕೆ ಬೇಕಾದರೂ ಕರೆಯಬಹುದು, ಬರುತ್ತಾನೆ. ಎಪ್ಪತ್ತರ ದಶಕದಲ್ಲಿ ಶಿಕಾಗೋ ಬಿಟ್ಟು ಡೆಟ್ರಾಯಿಟ್ ಪಕ್ಕದ ಲಿವೋನಿಯಾದ ಕಾರ್ಖಾನೆಯೊಂದಕ್ಕೆ ಎಂಜಿನಿಯರಾಗಿ ಬಂದ ಹೊಸತರಲ್ಲಿ ನನ್ನ ಸ್ಥಿತಿ ಹೇಗಿತ್ತೆಂದರೆ, ರಾಂಗ್ ನಂಬರ್ ಫೋನ್ ಬಂದರೂ ಬೇಗ ಇಡಲು ಬಿಡುತ್ತಿರಲಿಲ್ಲ. “ನೀವು ಕೇಳಿದವರು ಇಲ್ಲಿಲ್ಲ, ಅಂದಹಾಗೆ ಅವರಿಂದ ಏನಾಗಬೇಕಿತ್ತು?” ಎಂದು ವಿಚಾರಿಸಿಕೊಳ್ಳುತ್ತಿದ್ದೆ. ಇಂಥವನನ್ನು ಮನೆಯೊಡತಿ ಮಿಸೆಸ್ ಬೇರ್ಡ್ ಒಂದು ಶನಿವಾರ, “ಶೇಕರ್, ನಮ್ಮ ತಾತನನ್ನು ಹುಡುಕಬೇಕು, ಡ್ರೈವ್ ಮಾಡ್ತೀಯಾ?” ಎಂದು ಕೇಳಿದರು. ಪಾಪ, ಮುದುಕರು ಎಲ್ಲಿ ದಾರಿ ತಪ್ಪಿದರೋ ಎಂದುಕೊಂಡು ಕೋಟು ಏರಿಸಿ ಓಡಿದೆ.

ತಾತ ಸ್ಕಾಟ್ಲೆಂಡಿನಲ್ಲಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅಲ್ಲಿನ ಚರ್ಚಿನ ದಾಖಲೆ, ಜನಗಣತಿ, ಜನನ ಮರಣದ ಪಟ್ಟಿಗಳ ಫಿಲ್ಮ್ ಸುರುಳಿಗಳನ್ನು ಡೆಟ್ರಾಯಿಟ್‌ನ ಲೈಬ್ರರಿಯೊಂದಕ್ಕೆ ತರಿಸಿ, ಯಂತ್ರಕ್ಕೆ ಹಾಕಿ ನೋಡಬೇಕಿತ್ತು. ಎಪ್ಪತ್ತು ದಾಟಿದ ಮಿಸೆಸ್ ಬೇರ್ಡ್‌ಗೆ ಕಣ್ಣು ಮಂಜು, ಆದ್ದರಿಂದ ಓದುವ ಕೆಲಸ ನನ್ನದು. “ತಾತ ದೊಡ್ಡ ಜಮೀನುದಾರರು, ಕುದುರೆಗಳಿದ್ದುವು” ಎಂದು ಮೊದಲೇ ಹೇಳಿಟ್ಟಿದ್ದರು. ಕುದುರೆಗಳೇನೋ ಸಿಕ್ಕವು, ಆದರೆ ಅವು ಧಣಿಗಳವು. ತಾತ ಜೇಮ್ಸ್ ಅವುಗಳ ಹಿಂದೆ ನೇಗಿಲು ಹಿಡಿದು ನಡೆಯುವ ಕೂಲಿಯಾಳು. ವರ್ಷದ ಕರಾರು ಮುಗಿದರೆ ಹೆಂಡತಿ, ಮಕ್ಕಳು, ಪಾತ್ರೆಪಡಗ ಗಾಡಿಗೇರಿಸಿ ಬೇರೆ ಧಣಿಯ ಹೊಲಕ್ಕೆ. ಒಂದೊಂದು ಮಗು ಹುಟ್ಟಿದ್ದೂ ಒಂದೊಂದು ಊರಿನಲ್ಲಿ. ನಾನು ಅಳುಕುತ್ತಲೇ ಓದಿ ಹೇಳಿದೆ. ಮಿಸೆಸ್ ಬೇರ್ಡ್ ಗಂಟಲು ಸರಿಮಾಡಿಕೊಂಡು, “ತಾತನಿಗೆ ಊರು ಸುತ್ತುವ ಆಸೆ ಇದ್ದಿರಬೇಕು” ಎಂದರು.

ಈ ವಿಷಯ ಶಿಕಾಗೋದ ಗೆಳೆಯ ನಾಗರಾಜನಿಗೆ ಫೋನಿನಲ್ಲಿ ಹೇಳಿದರೆ ಅವನು, “ಅಲ್ಲಯ್ಯಾ, ಹೆಣ್ಣು ಹುಡುಕ್ಕೋ ಅಂದ್ರೆ ಯಾರದೋ ತಾತನ್ನ ಹುಡುಕ್ತಾ ಕೂತಿದೀಯಲ್ಲ!” ಎಂದು ನಕ್ಕ. ನಗಲಿ. ನನಗೆ ಜೇಮ್ಸ್ ಆಗಲೇ ಹತ್ತಿರದವನಾಗಿಬಿಟ್ಟಿದ್ದ. ಜನಗಣತಿಯ ಹಾಳೆ ಬದಲಾದಂತೆ ಅವನ ಮನೆಯಲ್ಲಿ ಜನ ಕಡಿಮೆಯಾಗುತ್ತಿದ್ದರು. ಒಬ್ಬ ಮಗ ಗಣಿಗೆ ಹೋದ, ಮಗಳು ಮನೆಗೆಲಸಕ್ಕೆ ಸೇರಿದಳು, ಮಿಸೆಸ್ ಬೇರ್ಡ್‌ರ ಅಪ್ಪ ಅಮೆರಿಕಕ್ಕೆ ಹಡಗು ಹತ್ತಿದರು. ಹೆಂಡತಿಯೂ ತೀರಿಕೊಂಡ ಮೇಲೆ ಅವನೊಬ್ಬನೇ ಉಳಿದ.

ಕೊನೆಗೆ ಮರಣದ ದಾಖಲೆಯೂ ಸಿಕ್ಕಿತು. ಸ್ಕಾಟ್ಲೆಂಡಿನವರು ಅದರಲ್ಲಿ ಸಾವಿನ ಸುದ್ದಿ ತಂದವರು ಯಾರು, ಸತ್ತವನಿಗೆ ಏನಾಗಬೇಕು ಎಂದೂ ಬರೆಯುತ್ತಾರೆ. ನಾನು ಓದಿದೆ: “ನೆರೆಮನೆಯವನು.”

“ಮಗ ಅಂತ ಇಲ್ವಾ? ಸರಿಯಾಗಿ ನೋಡು.”

ನೋಡಿದೆ. ಇರಲಿಲ್ಲ.

ಮಿಸೆಸ್ ಬೇರ್ಡ್‌ರನ್ನು ಕೂರಿಸಿಕೊಂಡು ವಾಪಸು ಹೊರಟೆ. ಅವರ ಒಬ್ಬಳೇ ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಳು, ಕ್ರಿಸ್‌ಮಸ್‌ಗೆ ಫೋನ್ ಮಾಡುತ್ತಿದ್ದಳು. ಹೈವೇ ಬಿಡುವ ನಮ್ಮ ಎಕ್ಸಿಟ್ ಹತ್ತಿರ ಬಂದಾಗ, “ಶೇಕರ್, ನಿನಗೇನಾದರೂ ಆದರೆ ಯಾರು ಹೋಗಿ ಹೇಳ್ತಾರೆ?” ಎಂದರು.

“ಸೋಮವಾರ ಡ್ರಾಯಿಂಗ್ ಬರಲಿಲ್ಲ ಅಂತ ಆಫೀಸಿನವರೇ ಹುಡುಕ್ಕೊಂಡು ಬರ್ತಾರೆ” ಎಂದು ನಗಿಸಲು ನೋಡಿದೆ. ಅವರು ನಗಲಿಲ್ಲ. ನನಗೂ ನಗು ಬರಲಿಲ್ಲ.

“ನಾನು ಹೇಳ್ತೀನಿ. ನನ್ನದನ್ನು ನೀನು ಹೇಳು” ಎಂದರು.

ಮನೆಗೆ ಬಂದವರೇ ಅಡುಗೆಮನೆಯಲ್ಲಿ ಕೂರಿಸಿ ನನ್ನ ಪೂರ್ತಿ ಹೆಸರು ಕೇಳಿದರು. ಹಂಪಾಪುರ ಲಕ್ಷ್ಮೀನರಸಿಂಹಯ್ಯ ಚಂದ್ರಶೇಖರ ಎಂದೆ. ಚಹಾ ಲೋಟ ಕೆಳಗಿಟ್ಟರು.

“ಇದರಲ್ಲಿ ನೀನು ಎಲ್ಲಿದ್ದೀಯ?”

“ಕೊನೆಯಲ್ಲಿ. ನಡುವೆ ಇರೋದು ಅಪ್ಪ, ಮೊದಲಲ್ಲಿ ಊರು.”

ಅವರು ಪ್ರಯತ್ನಪಟ್ಟರು. ಲಕ್ಷ್ಮಿಯವರೆಗೆ ಬಂದು ನಿಂತರು. “ದಯವಿಟ್ಟು ನಾನಿದನ್ನು ಕಲಿಯೋವರೆಗೂ ಸಾಯಬೇಡ ಮಗೂ” ಎಂದರು.

ಮರುದಿನದಿಂದ ಚಹಾದ ಜೊತೆ ಉಚ್ಚಾರಣೆಯ ಪಾಠ ಶುರುವಾಯಿತು. ಮುದುಕಿ ಚುರುಕು. ಕೆಲವೇ ವಾರಗಳಲ್ಲಿ ನರಸಿಂಹಯ್ಯನನ್ನು ದಾಟಿಬಿಟ್ಟರು. ಎಲ್ಲಿ ಪೂರ್ತಿ ಕಲಿತು ಪಾಠ ಮುಗಿಸಿಬಿಡುತ್ತಾರೋ ಎಂದು ಹೆದರಿ, ಅವರು ಸರಿಯಾಗಿ ಹೇಳಿದ್ದನ್ನೂ ನಾನು ತಪ್ಪು ಎನ್ನತೊಡಗಿದೆ.