ದೇವರಿಲ್ಲ ಅಂದ ಪಾದ್ರಿ ನಮ್ಮ ಮನೆಯಲ್ಲಿ

ನರೆತ ಕೂದಲಿಗೆ ಬಣ್ಣ ಹಚ್ಚಿಕೊಂಡು ಕಾಲೇಜಿಗೆ ಹೋಗುವವರಿಗೆ ಫಜೀತಿಗಳು ಆಗುತ್ತಲೇ ಇರುತ್ತವೆ. ನನಗೆ ಸ್ವಲ್ಪ ಹೆಚ್ಚು. ಮದುವೆಯಾಗಿ ಅಮೆರಿಕದ ವುಡ್‌ರಿಡ್ಜ್‌ಗೆ ಬಂದಾಗ ನಿಂತುಹೋದ ಡಿಗ್ರಿಯನ್ನು ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಹಿಡಿದಿದ್ದೆ. ಉಳಿದದ್ದು ಒಂದೇ ಕೋರ್ಸು: ಎರಡನೇ ಮಹಾಯುದ್ಧದ ನಂತರದ ಅಮೆರಿಕನ್ ಕಾದಂಬರಿಗಳಲ್ಲಿ ದೇವರು ಮತ್ತು ನಂಬಿಕೆ. ದೇವರ ವಿಷಯ ತಾನೇ, ಸುಲಭ ಅಂದುಕೊಂಡೆ. ಪುಸ್ತಕ ತೆರೆದರೆ ಅಲ್ಲಿ ಎಲ್ಲರೂ ದೇವರ ಜೊತೆ ಮಾತು ಬಿಟ್ಟವರೇ.

ಚರ್ಚಿಗೆ ಯಾಕೆ ಹೋದ?

ಮೊದಲ ಕಾದಂಬರಿಯಲ್ಲಿ ಯುದ್ಧದಿಂದ ಮರಳಿದ ಸೈನಿಕನೊಬ್ಬ. ಪ್ರಾರ್ಥನೆ ಮಾಡುವುದಿಲ್ಲ, ಆದರೆ ಪ್ರತಿ ಭಾನುವಾರ ಚರ್ಚಿನಲ್ಲಿ ಹಾಜರ್.

"ಯಾಕೆ ಬರ್ತಾನೆ?" ಪ್ರೊಫೆಸರ್ ಕೇಳಿದರು.

ಹುಡುಗರು ಒಂಟಿತನ, ಅನಾಥಪ್ರಜ್ಞೆ ಅಂತ ದೊಡ್ಡ ದೊಡ್ಡ ಮಾತಾಡಿದರು. ನಾನು ಕೈಯೆತ್ತಿದೆ. "ಊಟ ಹಾಕ್ತಾರೇನೋ ಸರ್. ನೋವೈ ಊರಲ್ಲಿರೋ ನನ್ನ ಮೈದುನ ದೇವಸ್ಥಾನಕ್ಕೆ ಹೋಗೋದೇ ಪುಳಿಯೋಗರೆಗೆ."

ಕ್ಲಾಸಿಗೆ ಕ್ಲಾಸೇ ನಕ್ಕಿತು. ಪ್ರೊಫೆಸರ್ ಮಾತ್ರ ಪುಟ ತಿರುವಿದರು. ಅಲ್ಲಿ ಬರೆದೇ ಇತ್ತು: ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಬೇಸ್‌ಮೆಂಟಿನಲ್ಲಿ ಕಾಫಿ, ಡೋನಟ್. ನಮ್ಮ ಸೈನಿಕ ಕೂರುತ್ತಿದ್ದದ್ದು ಸರಿಯಾಗಿ ಅಲ್ಲಿಗೆ ಇಳಿಯುವ ಮೆಟ್ಟಿಲ ಪಕ್ಕ!

ಕಾಲು ತಗುಲಿದ್ದು

ಇನ್ನೊಂದು ದಿನ ಪಕ್ಕದ ಸೀಟಿನ ಹುಡುಗ ನೆಲದ ಮೇಲಿಟ್ಟ ಕಾದಂಬರಿಗೆ ನನ್ನ ಕಾಲು ತಗುಲಿತು. ತಕ್ಷಣ ಮುಟ್ಟಿ ಕಣ್ಣಿಗೊತ್ತಿಕೊಂಡೆ.

"ಆಂಟಿ, ಅದರಲ್ಲಿ ದೇವರು ಇಲ್ಲ ಅಂತ ಬರೆದಿದೆ" ಅಂದ.

"ಒಳಗೆ ಏನಾದ್ರೂ ಬರ್ಕೊಳ್ಳಲಪ್ಪಾ, ಪುಸ್ತಕ ತಾನೇ!"

ಹುಡುಗನಿಗೆ ಇದು ಭಾರಿ ಹಿಡಿಸಿತು. ಮುಂದಿನ ವಾರ ಅವನ ಕಾಲು ನನ್ನ ಚೀಲಕ್ಕೆ ತಗುಲಿದಾಗ ಭಕ್ತಿಯಿಂದ ಒಳಗೆ ಕೈಹಾಕಿ, ಸಿಕ್ಕಿದ್ದನ್ನು ತೆಗೆದು ಕಣ್ಣಿಗೊತ್ತಿಕೊಂಡ. ಅದು ನನ್ನ ಮೊಸರನ್ನದ ಡಬ್ಬಿ.

ಪೂಜೆಯಲ್ಲಿ ಪಾದ್ರಿ

ಕೊನೆಯ ಪ್ರಬಂಧಕ್ಕೇ ಅರ್ಧದಷ್ಟು ಅಂಕ. ಅದು ಕೈಕೊಟ್ಟರೆ ಡಿಗ್ರಿ ಮತ್ತೆ ನೆನೆಗುದಿಗೆ. ವಿಷಯ, ದೇವರೇ ಇಲ್ಲ ಅಂತ ಸಾರುವ ಒಬ್ಬ ಪಾದ್ರಿಯ ಕುರಿತ ಕಾದಂಬರಿ. ಕೊಡಬೇಕಾದ್ದು ಆಯುಧಪೂಜೆಯ ದಿನ. ಹಿಂದಿನ ದಿನ ಬೆಳಿಗ್ಗೆ ನೋಡಿದರೆ ಮೇಜಿನ ಮೇಲೆ ಪುಸ್ತಕವಿಲ್ಲ! ಮೈಸೂರಿನಿಂದ ಬಂದಿದ್ದ ಅತ್ತೆ ಅದನ್ನು ಸರಸ್ವತಿ ಪೂಜೆಗೆ ಇಟ್ಟುಬಿಟ್ಟಿದ್ದರು. ರಟ್ಟಿಗೆ ಕುಂಕುಮ, ಮೇಲೊಂದು ಸೇವಂತಿಗೆ.

"ಅತ್ತೆ, ನಾಳೆ ಪ್ರಬಂಧ ಕೊಡ್ಬೇಕು!"

"ಪೂಜೆಗಿಟ್ಟ ಪುಸ್ತಕ ದಶಮಿವರೆಗೂ ಓದೋ ಹಾಗಿಲ್ಲಮ್ಮ."

"ಆ ಪಾದ್ರಿ ದೇವರೇ ಇಲ್ಲ ಅಂತಾನೆ!"

"ಅಯ್ಯೋ ಪಾಪ, ಹಾಗಿದ್ರೆ ಅಲ್ಲೇ ಇರಲಿ ಬಿಡು. ಸ್ವಲ್ಪ ಬುದ್ಧಿ ಬರುತ್ತೆ."

ಅಳು ಬರುವಂತಾಯಿತು. ಕದ್ದು ತೆಗೆಯೋಣ ಅಂದರೆ ನನಗೇ ಕೈ ಬರಲಿಲ್ಲ. ಪ್ರೊಫೆಸರಿಗೆ ಇದ್ದದ್ದು ಇದ್ದ ಹಾಗೆ ಮೇಲ್ ಮಾಡಿದೆ. ಉತ್ತರ ಬಂತು: "ಪುಸ್ತಕವನ್ನು ನಾಯಿ ತಿಂದಿತು ಅಂದವರನ್ನು ನೋಡಿದ್ದೇನೆ, ದೇವರು ಇಟ್ಟುಕೊಂಡಿದ್ದಾನೆ ಅಂದವರು ನೀವೇ ಮೊದಲು. ದಶಮಿ ಆದ ಮೇಲೆ ಕೊಡಿ. ಆದರೆ ಇದನ್ನೂ ಬರೆಯಿರಿ."

ಬರೆದೆ. ದೇವರನ್ನು ಒಪ್ಪದ ಪುಸ್ತಕಕ್ಕೂ ನಮ್ಮ ಮನೆಯಲ್ಲಿ ಕುಂಕುಮ ಯಾಕೆ, ತೆಗೆಯಲು ನನಗೇಕೆ ಕೈ ಬರಲಿಲ್ಲ, ಎಲ್ಲವನ್ನೂ ಬರೆದೆ. 'ಎ' ಬಂತು! ಕುಣಿಯುತ್ತಾ ಹೋಗಿ ಹೇಳಿದೆ, "ಅತ್ತೆ, ನಾನು ಪಾಸ್! ಡಿಗ್ರಿ ಆಯ್ತು!"

ಅತ್ತೆ ನನ್ನ ಕಡೆ ತಿರುಗಲೇ ಇಲ್ಲ. ಕಾದಂಬರಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡು ಅಂದರು:

"ನೋಡು, ತನಗೆ ನಂಬಿಕೆ ಇಲ್ದಿದ್ರೂ ನಿನ್ನ ಕೆಲಸ ಮಾಡಿಕೊಟ್ಟ. ಒಳ್ಳೆ ಪಾದ್ರಿ."