ಎಂಟು ಅಳತೆ ಕಳೆಯುವ ಹುಡುಗಿ

ನಮ್ಮ ಮೊಮ್ಮಗಳಿಗೆ ಲೆಕ್ಕದಲ್ಲಿ ಬರುವುದು ಒಂದೇ, ಕಳೆಯುವುದು. ಕೂಡುವುದನ್ನೂ ಕಾಲೇಜಿನಲ್ಲಿ ಹೇಳಿಕೊಟ್ಟಿರುತ್ತಾರೆ, ಆದರೆ ಇವಳ ಮನಸ್ಸು ಅತ್ತ ಹರಿದಿಲ್ಲ. ಆ ಕಳೆಯುವ ವಿದ್ಯೆಯನ್ನೇ ಮೊನ್ನೆ ಸಾಗರದ ಕಾಲೇಜಿನಲ್ಲಿ ಎಲ್ಲರ ಮುಂದೆ ನಿಂತು ತೋರಿಸಿ ಬಂದಳು. ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ನಾನು ಹೇಳಿ ಮುಗಿಸಿದ್ದೇನೆ. ಇನ್ನು ಉಳಿದವರು ನೀವು.

ನಾನು ಓದಿದ್ದು ಮೂರನೇ ಕ್ಲಾಸು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕೂತು ನಲವತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ನನಗೆ ಗೊತ್ತಿರುವ ಲೆಕ್ಕವೆಲ್ಲ ಟೇಪಿನ ಮೇಲಿದೆ. ಮೊಮ್ಮಗಳ ಲೆಕ್ಕ ಹಾಗಲ್ಲ. ಒಂದು ಬೆಳಿಗ್ಗೆ ತಿಂಡಿ ತಿಂದವಳು ಒಂದು ಚೀಟಿ ತಂದು ನನ್ನ ಮಿಷನ್ನಿನ ಮೇಲಿಟ್ಟಳು. ಇವತ್ತು ದೋಸೆ ಮೂರು, ಚಟ್ನಿ ಎರಡು ಸೌಟು, ಕಷಾಯ ಒಂದು ಲೋಟ. ಕೆಳಗೆ ನಿನ್ನೆಯದು: ನಾಲ್ಕು, ಎರಡು, ಒಂದು.

"ಮೈನಸ್ ಒಂದು, ಸೊನ್ನೆ, ಸೊನ್ನೆ," ಅಂದಳು.

"ಅಂದ್ರೆ ಎಂತದು?"

"ಒಂದು ದೋಸೆ ಕಮ್ಮಿ ಬಿತ್ತು ಅಜ್ಜಿ."

"ಅದನ್ನ ಬಾಯಿಬಿಟ್ಟು ಕೇಳಿದ್ರೆ ಆಗ್ತಿರಲಿಲ್ವಾ ಮಾರಾಯ್ತಿ?"

ಆಗುತ್ತಿತ್ತು. ಆದರೆ ಎಲ್ಲರೂ ಕೇಳುವ ಹಾಗೆ ಕೇಳಿಬಿಟ್ಟರೆ ಅವಳು ನಮ್ಮ ಮೊಮ್ಮಗಳು ಹೇಗಾದಾಳು?

ಈ ಹುಚ್ಚು ಕಡೆಗೆ ಬಂದು ನಿಂತದ್ದು ಒಂದು ಹಸಿರು ರವಿಕೆಯ ಮುಂದೆ. ಅದು ಅವಳ ಅಮ್ಮನದು, ಅಂದರೆ ನನ್ನ ಮಗಳದು. ತೀರ್ಥಹಳ್ಳಿ ಕಡೆಯ ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರುವ ದಿನ ತೊಡಲೆಂದು ನಾನೇ ಹೊಲಿದುಕೊಟ್ಟಿದ್ದೆ. ಆಗ ಅವಳಿಗೆ ಈಗ ಇವಳಿಗಿರುವಷ್ಟೇ ವಯಸ್ಸು. ಈ ಕೂಸಿಗೆ ನಾಲ್ಕು ವರ್ಷ ತುಂಬುವುದರೊಳಗೆ ಮಗಳು ತೀರಿಕೊಂಡಳು. ರವಿಕೆ ಪೆಟ್ಟಿಗೆ ಸೇರಿತು. ಅದಕ್ಕೆ ಕತ್ತರಿ ತಾಗಿಸುವುದಿಲ್ಲ ಎಂದು ನಾನು ಅವತ್ತೇ ಹೇಳಿಕೊಂಡಿದ್ದೆ.

ಕಾಲೇಜಿನಲ್ಲಿ ತಾನೇ ಬರೆದ ಪ್ರೋಗ್ರಾಂ ತೋರಿಸುವ ದಿನ ಅದನ್ನೇ ತೊಡುತ್ತೇನೆ ಎಂದಳು ಮೊಮ್ಮಗಳು.

"ಹಾಗಾದ್ರೆ ಹಾಕಿ ನೋಡು, ಆಗ್ತದಾ ಅಂತ."

"ಹಾಕಿದ್ಮೇಲೆ ಆಗ್ಲಿಲ್ಲ ಅಂದ್ರೆ?"

ಅದಕ್ಕೊಂದು ಉಪಾಯವನ್ನೂ ಅವಳೇ ಹುಡುಕಿಟ್ಟಿದ್ದಳು. ಹಾಕಿ ನೋಡುವ ಬದಲು ಕಳೆದು ನೋಡುವುದು!

'ಸಿ' ಎನ್ನುವ ಭಾಷೆಯಲ್ಲಿ ಕಂಪ್ಯೂಟರಿಗೆ ಹೀಗೆ ಬರೆದಿದ್ದಳು. ಅದು ಮೊದಲು ಎಷ್ಟು ಅಳತೆ ಎಂದು ಕೇಳುತ್ತದೆ. ಲಂಗಕ್ಕೆ ಎರಡು, ಫ್ರಾಕಿಗೆ ಐದು, ರವಿಕೆಗೆ ಎಂಟು, ಎಷ್ಟಾದರೂ ಅದಕ್ಕೆ ಅಡ್ಡಿಯಿಲ್ಲ. ಆಮೇಲೆ ಒಬ್ಬರ ಸಾಲು, ಅದರ ಕೆಳಗೆ ಇನ್ನೊಬ್ಬರ ಸಾಲು. ಎದೆಯಲ್ಲಿ ಎದೆ, ತೋಳಿನಲ್ಲಿ ತೋಳು ಕಳೆದು ಉತ್ತರದ ಸಾಲು ಕೊಡುತ್ತದೆ.

"ಇಂಥ ಸಾಲಿಗೆ ವೆಕ್ಟರ್ ಅಂತಾರೆ ಅಜ್ಜಿ."

"ನಮ್ಮಲ್ಲಿ ಅಳತೆ ಅಂತಾರೆ."

ಅಮ್ಮನ ಅಳತೆ ಮುಟ್ಟುವ ಮೊದಲು ಬೇರೆ ಯಾರದಾದರೂ ಕಳೆದು ನೋಡಬೇಕಿತ್ತು. ಕೋಣಂದೂರಿನಿಂದ ಬರುವ ನಮ್ಮ ಹಳೆಯ ಗಿರಾಕಿಯೊಬ್ಬರು ಅದೇ ಹೊತ್ತಿಗೆ ಹೊಸ ರವಿಕೆಗೆ ಬಂದರು. ಹಳೆಯ ಅಳತೆ ನನ್ನ ಪುಸ್ತಕದಲ್ಲಿತ್ತು. ಹೊಸದನ್ನು ತೆಗೆದುಕೊಟ್ಟೆ.

"ಸೊಂಟ ಮೈನಸ್ ಮೂರು," ಎಂದು ಮೊಮ್ಮಗಳು ಓದಿದಳು.

"ನೋಡಿದ್ರಾ! ಅನ್ನ ಬಿಟ್ಟಿದ್ದು ಸಾರ್ಥಕ ಆಯ್ತು," ಎಂದು ಆಕೆ ಎದ್ದು ನಿಂತು ಸೆರಗು ಸರಿಮಾಡಿಕೊಂಡರು.

ಹುಡುಗಿ ಹಳೆಯದರಲ್ಲಿ ಹೊಸದನ್ನು ಕಳೆದಿದ್ದಳು. ಸೊಂಟ ಮೂರು ಇಂಚು ಹೆಚ್ಚಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ನಾನು ಕಣ್ಣಲ್ಲೇ ಗದರಿದೆ. ಮೂರು ಇಂಚು ಹೆಚ್ಚಿಗೆ ಇಟ್ಟೇ ಹೊಲಿದೆ. ತೊಟ್ಟು ನೋಡಿದ ಆಕೆ, "ತೆಳ್ಳಗಾದ್ರೆ ರವಿಕೆ ಎಷ್ಟು ಸಲೀಸು ಕೂರ್ತದೆ ಅಲ್ವಾ," ಎಂದು ಸಂತೋಷದಿಂದ ಬಸ್ಸು ಹತ್ತಿದರು. ಇಂಥ ಸತ್ಯ ಹೇಳುವುದು ಕಂಪ್ಯೂಟರಿನ ಕೆಲಸ, ದರ್ಜಿಯದಲ್ಲ.

ಆಮೇಲೆ ಅವಳು ಸಾಲುಗಳನ್ನು ಮೇಲೆ ಕೆಳಗೆ ಮಾಡಿ ಆ ತಪ್ಪು ತಿದ್ದಿದಳು. ಹಳೆಯ ಪುಸ್ತಕದಲ್ಲಿ ನನ್ನ ಕೈಬರಹದಲ್ಲೇ ಮಗಳ ಎಂಟು ಅಳತೆ ಇತ್ತು. ಮೊಮ್ಮಗಳ ಅಳತೆ ನಾನೇ ತೆಗೆದೆ. "ಉಸಿರು ಹಿಡಿಬೇಡ" ಎಂದು ಎರಡು ಸಲ ಹೇಳಬೇಕಾಯಿತು. ಮಗಳಿಗೂ ಹಾಗೇ ಹೇಳಬೇಕಾಗುತ್ತಿತ್ತು.

ಕಂಪ್ಯೂಟರ್ ಉತ್ತರ ಕೊಟ್ಟಿತು. ಎಂಟೂ ಸೊನ್ನೆ.

"ಅಜ್ಜಿ, ನಾನು ಅಮ್ಮನ ಅಳತೆನೇ," ಎಂದಳು. ಮುಖದಲ್ಲಿ ಅಂಥ ಬೆಳಕನ್ನು ನಾನು ಮೊದಲು ಕಂಡಿರಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಟೇಪು ಹಿಡಿದ ಕೈ ನನ್ನದು. ಎದೆ ಮೂವತ್ತಮೂರೂವರೆ ಬಂದಿತ್ತು. ಮಗಳದು ಮೂವತ್ತಮೂರು.

"ಕೂಸೇ, ಅರ್ಧ ಇಂಚು ಎಲ್ಲಿ ಹೋಯ್ತು?"

ಅವಳು ಬಗ್ಗಿ ತಾನು ಬರೆದದ್ದನ್ನು ಮತ್ತೆ ಮೊದಲಿನಿಂದ ಓದಿದಳು. ಒಳಗೆ ಅಂಕಿ ಇಡಲು ಡಬ್ಬಿಗಳಿರುತ್ತವಂತೆ. ಅಳತೆಯ ಡಬ್ಬಿಗೆ ಅರ್ಧ, ಕಾಲು ಎಲ್ಲ ಹಿಡಿಸುತ್ತದೆ. ಉತ್ತರದ ಡಬ್ಬಿಯನ್ನು ಇವಳು ಪೂರ್ಣ ಅಂಕಿಗೆ ಮಾತ್ರ ಮಾಡಿಟ್ಟಿದ್ದಳು. ಅರ್ಧ ಬಂದರೆ ಅದು ಸದ್ದಿಲ್ಲದೆ ಕತ್ತರಿಸಿ ಬಿಸಾಡಿ ಸೊನ್ನೆ ಬರೆಯುತ್ತಿತ್ತು. ದರ್ಜಿಯ ಮೊಮ್ಮಗಳಾಗಿ ಅರ್ಧ ಇಂಚನ್ನು ಲೆಕ್ಕಕ್ಕೇ ಹಿಡಿಯದಿದ್ದರೆ ಹೇಗೆ?

ಡಬ್ಬಿ ಬದಲಾಯಿಸಿದಳು. ತೋಳಿನ ಉದ್ದ ಕಾಲು ಇಂಚು ಕಡಿಮೆ ಬಂತು. ಅದು ಯಾರಿಗೂ ಕಾಣುವಂಥದ್ದಲ್ಲ. ಎದೆ ಅರ್ಧ ಇಂಚು ಹೆಚ್ಚು. ಅದು ಬಿಗಿದು ನಿಲ್ಲುವಂಥದ್ದು.

ಅವಳು ಕಂಪ್ಯೂಟರ್ ಮುಚ್ಚಿದಳು. "ಬೇಡ ಬಿಡು ಅಜ್ಜಿ. ಅಮ್ಮನ ರವಿಕೆ ಬಿಚ್ಚೋದು ಬೇಡ. ಬೇರೆ ಹಾಕ್ಕೊಂಡು ಹೋಗ್ತೀನಿ."

ನಾನು ರವಿಕೆಯನ್ನು ತೊಡೆಯ ಮೇಲೆ ಹಾಕಿಕೊಂಡು ಒಳಮೈ ತಿರುಗಿಸಿದೆ. ಯಾವ ರವಿಕೆ ಹೊಲಿದರೂ ಪಕ್ಕದ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಡುವುದು ನನ್ನ ಪದ್ಧತಿ. ಈ ರವಿಕೆ ಹೊಲಿಯುವಾಗ ಮಗಳು ಎದುರಿಗೇ ಕೂತು ಕುಟುಕಿದ್ದಳು: "ಯಾರಿಗೆ ಅಂತ ಇಷ್ಟು ಬಟ್ಟೆ ಬಿಡ್ತೀಯ ಅಮ್ಮ? ನಾನೇನು ದಪ್ಪ ಆಗ್ತೀನಾ?"

ಕತ್ತರಿ ಮುಟ್ಟಲಿಲ್ಲ. ಒಂದು ಪಿನ್ನಿನಿಂದ ನನ್ನದೇ ಹೊಲಿಗೆಯನ್ನು ಎಳೆ ಎಳೆಯಾಗಿ ಬಿಡಿಸಿದೆ. ಎರಡೂ ಪಕ್ಕದಲ್ಲಿ ಕಾಲು ಕಾಲು ಇಂಚು ಬಿಟ್ಟು ಮತ್ತೆ ಹೊಲಿದೆ.

ಮೊಮ್ಮಗಳು ತೊಟ್ಟು ಬಂದು ಕನ್ನಡಿಯ ಮುಂದೆ ನಿಂತಳು. ಕೈ ಎತ್ತಿದಳು, ಇಳಿಸಿದಳು. ಎಲ್ಲಿಯೂ ಬಿಗಿಯಲಿಲ್ಲ. ಆಮೇಲೆ ಪಕ್ಕಕ್ಕೆ ತಿರುಗಿ ನೋಡಿಕೊಂಡಳು. ರವಿಕೆಯೆಲ್ಲ ಮಾಸಿತ್ತು. ಇಷ್ಟು ವರ್ಷ ಒಳಗೆ ಮಡಿಸಿಕೊಂಡಿದ್ದ ಬಟ್ಟೆ ಮಾತ್ರ ತಂದ ದಿನದ ಹಸಿರಿನಲ್ಲೇ ಒಂದು ಗೆರೆಯಾಗಿ ಕಾಣುತ್ತಿತ್ತು.

"ಅಜ್ಜಿ, ಇಲ್ಲಿ ಬಣ್ಣ ಬೇರೆ ಕಾಣ್ತದೆ."

"ಕಾಣ್ಲಿ," ಅಂದೆ. "ಅದು ನಿಂದು."